ಕರೆಂಟಿನ ಮಡಿ

“ಬಂಡೂರಾಯರ ಮನ್ಯಾಗ ಕೆಟ್ಟ ಸಾಮಾನು ಹ್ಯಾಂಗೋ ನಡೀತದ್ರೀ. ಅವರು ರಿಪೇರಿ ಮಾಡಿದ್ರಂದ್ರ ಮಾತ್ರ ಮುಗೀತು!”

ನಮ್ಮ ಓಣಿಯವರು ನನ್ನ ಬಗ್ಗೆ ಹೀಗೆ ಹೇಳುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ! ಮಿಕ್ಸರ್ ರಿಪೇರಿ ಮಾಡಿದೆ, ಅದು ಚಟ್ನಿಯನ್ನು ಗೋಡೆಗೆ ಬಡಿಸಿತು. ಕುಕ್ಕರ್ ರಿಪೇರಿ ಮಾಡಿದೆ, ಅದರ ಸೀಟಿ ಇವತ್ತಿಗೂ ಸಿಕ್ಕಿಲ್ಲ. ಆದರೆ ಎದೆಗುಂದುವವನೇ ಈ ಬಂಡು? ಕಲಬುರಗಿಯ ಬೋರ್ಡುಗಳ ಮೇಲೆಲ್ಲ ಇನ್ನೂ ಗುಲ್ಬರ್ಗ ಎಂದೇ ಇದ್ದ ಕಾಲ. ಕಮಲಾಪುರದ ಅತ್ತೆಯ ಮನೆಯಲ್ಲಿ ದೀಪಾವಳಿಯ ಫರಾಳ ತಿನ್ನುತ್ತ, ಬೀಗರೆಲ್ಲ ಸಾಲಾಗಿ ಕೂತಿರುವಾಗ ಘೋಷಣೆ ಮಾಡಿಯೇ ಬಿಟ್ಟೆ:

“ಅತ್ತಿಯವ್ರ, ಈ ಸಲ ತುಳಸಿ ಲಗ್ನಕ್ಕ ನಿಮ್ಮ ಕಟ್ಟಿ ಮ್ಯಾಲ ಕಬ್ಬಿಣದ ಮಂಟಪ ನಿಂದರ್ತದ. ವೆಲ್ಡಿಂಗ್ ಖುದ್ದ ನಂದ!”

ನನ್ನ ಅತ್ತೆ ಸರಸ್ವತೀಬಾಯಿಯವರ ಮಡಿ ಕಮಲಾಪುರಕ್ಕೆಲ್ಲ ಪ್ರಸಿದ್ಧ. ಅವರ ಮಡಿ ಸೀರೆಗೆ ಗಾಳಿ ಕೂಡ ಕೇಳಿಕೊಂಡು ತಾಗಬೇಕು. ಅವರ ಅಂಗಳದಲ್ಲಿ ಚಪ್ಪಲಿ ಮೆಟ್ಟಿ ನಡೆದ ಅಳಿಯ ಇನ್ನೂ ಹುಟ್ಟಿರಲಿಲ್ಲ.

“ಆಗ್ಲಿ,” ಎಂದರು ಅತ್ತೆ. “ಆದ್ರ ದೇವರ ಮಂಟಪ. ಮಡೀಲೇ ಆಗ್ಬೇಕು. ಇಲ್ಲೇ, ನನ್ನ ಕಣ್ಣ ಮುಂದ.”

“ಮಡೀಲೇ!” ಎಂದು ಎದೆ ತಟ್ಟಿಕೊಂಡೆ. ಬೀಗರೆಲ್ಲ ತಲೆದೂಗಿದರು. ನನ್ನ ಮಾನ ಅವರ ಅಂಗಳದಲ್ಲಿ ಒತ್ತೆ ಬಿತ್ತು!

ಗುಲ್ಬರ್ಗದ ಜಗತ್ ಸರ್ಕಲ್ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ನಬಿಸಾಬ್ ತನ್ನ ಮಷೀನು ಕೊಡಲು ಒಪ್ಪಿದ. ಅದರ ಜೊತೆಗೆ ಉಪದೇಶವನ್ನೂ ಕೊಟ್ಟ.

“ರಾಯರ, ಕೈ ಒಣಗಿರಬೇಕು, ನೆಲ ಒಣಗಿರಬೇಕು. ಚಕ್ಕಳದ ಗ್ಲೌಸು, ಬೂಟು ಇಲ್ದ ಹೋಲ್ಡರ್ ಮುಟ್ಟಬ್ಯಾಡ್ರಿ. ಕರಿ ಕನ್ನಡಿ ಇಲ್ದ ಬೆಳಕ ನೋಡಬ್ಯಾಡ್ರಿ. ಕರೆಂಟು ಯಾರ ಮುಲಾಜೂ ನೋಡಂಗಿಲ್ಲ!”

“ಗೊತ್ತೋ ಮಾರಾಯಾ! ನಾ ಸೈನ್ಸ್ ಓದಿದವ!” ಎಂದು ನಾನು ಚಹಾ ಹೀರಿದೆ. ಅಷ್ಟರಲ್ಲಿ ನನ್ನ ಹೆಂಡತಿ ಮಥುರಾ ಆ ಗ್ಲೌಸು ತೊಟ್ಟು, ಮುಖಕ್ಕೆ ಕರಿ ಕನ್ನಡಿ ಹಿಡಿದು, ನಬಿಸಾಬನ ಮುಂದೆ ಗುಜರಿ ಪಟ್ಟಿಗಳನ್ನು ಚರಚರ ಬೆಸೆಯುತ್ತಿದ್ದಳು!

“ನೀ ಯಾಕ ನಡುವ ಬಾಯಿ ಹಾಕ್ತಿ?”

“ಬಾಯಿ ಹಾಕಿಲ್ರೀ, ಕೈ ಹಾಕೀನಿ. ಮನ್ಯಾಗ ಒಬ್ಬರಿಗರ ಗೊತ್ತಿರಬೇಕಲ್ಲ. ನೀವು ಚಹಾ ಕುಡೀರಿ.”

ತುಳಸಿ ಲಗ್ನದ ದಿನ ಬೆಳಿಗ್ಗೆ ಟೆಂಪೊದಲ್ಲಿ ಮಷೀನು ಕಬ್ಬಿಣದ ಕಂಬ, ಗ್ಲೌಸು, ಬೂಟುಗಳ ಸಮೇತ ಕಮಲಾಪುರಕ್ಕೆ ಬಿಜಯಂಗೈಯಿತು. ಸಂಜೆಗೆ ಬೀಗರು ಬರುವವರು. ನಾನು ಬಾವಿಯ ನೀರು ಸುರಿದುಕೊಂಡು, ಒದ್ದೆ ಪಂಚೆ ಉಟ್ಟು, ರಣಧೀರನಂತೆ ಅಂಗಳಕ್ಕೆ ಇಳಿದೆ. ಗ್ಲೌಸು ಎತ್ತಿಕೊಂಡೆ.

“ಚಕ್ಕಳ! ಮೈಲಿಗಿ ಆತು! ಇನ್ನೊಮ್ಮೆ ಸ್ನಾನ!” ಎಂದರು ಅತ್ತೆ.

ಒಳಗೆ ಹೋದೆ, ಮಿಂದೆ, ಹೊರಗೆ ಬಂದೆ. ಬೂಟಿಗೆ ಕಾಲು ಹಾಕಿದೆ.

“ಅದೂ ಚಕ್ಕಳನೇ! ಸ್ನಾನ!”

ಮತ್ತೆ ಒಳಗೆ, ಮತ್ತೆ ಹೊರಗೆ. ಕಾರ್ತಿಕದ ಚಳಿಗೆ ಹಲ್ಲು ತಾಳ ಹಾಕತೊಡಗಿತು. ಅತ್ತೆ ಅಷ್ಟಕ್ಕೇ ಬಿಟ್ಟರೇ? ನೆಲವೂ ಶುದ್ಧವಾಗಲಿ ಎಂದು ಕೊಡಗಟ್ಟಲೆ ನೀರು ಹೊಯ್ದರು. ಒದ್ದೆ ಮೈ, ಒದ್ದೆ ಪಂಚೆ, ಬರಿಗಾಲು, ಬರಿಗೈ, ಕೆರೆಯಂಥ ಅಂಗಳ! ನಬಿಸಾಬ್ ಏನೇನು ಬೇಡ ಎಂದಿದ್ದನೋ ಅದೆಲ್ಲವನ್ನೂ ಶಾಸ್ತ್ರೋಕ್ತವಾಗಿ ಕೂಡಿಸಿಕೊಂಡು ನಾನು ನಿಂತಿದ್ದೆ.

“ರೀ, ಬ್ಯಾಡ್ರಿ! ಜೀವಕ್ಕ ಕುತ್ತು!” ಪಡಸಾಲೆಯ ಸ್ವಿಚ್ಚಿನ ಹತ್ತಿರ ನಿಂತಿದ್ದ ಮಥುರಾ ಚೀರಿದಳು.

“ಸುಮ್ನಿರು! ಸಂಜಿಗೆ ಬೀಗರು ಬರ್ತಾರ. ಮಾನ ಹೋದ ಮ್ಯಾಲ ಜೀವ ತಗೊಂಡು ಏನು ಉಪ್ಪಿನಕಾಯಿ ಹಾಕ್ಲಿ?”

ಗುಂಯ್‌ಗುಡುತ್ತಿದ್ದ ಮಷೀನಿನ ಹೋಲ್ಡರಿಗೆ ಒದ್ದೆ ಕೈಯಿಂದ ವೆಲ್ಡಿಂಗ್ ಕಡ್ಡಿ ಸಿಗಿಸಲು ಹೋದೆ. ಅಷ್ಟೇ!

“ಭು... ಭು... ಭು... ಭು!”

ಕೈ ಬಿಡಬೇಕೆಂದರೆ ಕೈ ಒಲ್ಲೆನ್ನುತ್ತಿದೆ! ಕಾಲು ತಾನೇ ತಾನಾಗಿ ಕುಣಿಯುತ್ತಿದೆ! ಜುಟ್ಟು ನೆಟ್ಟಗೆ ನಿಂತಿದೆ! ಗೋಡೆಯಾಚೆಯಿಂದ ಇಣುಕುತ್ತಿದ್ದ ಪಕ್ಕದ ಮನೆಯ ರೇವಮ್ಮ ಕೈ ಮುಗಿದು ಓಡಿ ಬಂದಳು.

“ಯವ್ವಾ! ರಾಯರ ಮೈಮ್ಯಾಲ ದೇವ್ರು ಬಂದಾನ! ತಂದೀ, ನಿನ್ನ ಪಾದಕ್ಕ ಬೀಳ್ತೀನಿ, ನನ್ನ ಎಮ್ಮಿ ಯಾವಾಗ ಈಯ್ತದ ಹೇಳಪಾ!”

“ಮುಟ್ಟಬ್ಯಾಡ ರೇವಮ್ಮಾ!” ಎಂದು ಅರಚಿ ಮಥುರಾ ಸ್ವಿಚ್ಚು ಕೆಡವಿದಳು. ದೇವರು ಫಕ್ಕನೆ ಇಳಿದ. ನಾನು ತುಳಸಿಕಟ್ಟೆಗೆ ಸಾಷ್ಟಾಂಗ ಬಿದ್ದೆ!

“ಏನಂದಾನ ದೇವ್ರು?” ಎಂದರು ಅತ್ತೆ, ಭಕ್ತಿಯಿಂದ.

“ದೇವ್ರಲ್ಲ ಆಯಿ, ಕರೆಂಟು!” ಮಥುರಾ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. “ಇನ್ನೊಂದು ಗಳಿಗಿ ಹಿಡಿದಿದ್ರ ನಿನ್ನ ಮಗಳ ಕುಂಕುಮ ಹೋಗ್ತಿತ್ತು!”

ಅತ್ತೆಯ ಮುಖ ಅವರ ಮಡಿ ಸೀರೆಗಿಂತ ಬೆಳ್ಳಗಾಯಿತು. ಮೈಲಿಗೆ ಗೀಲಿಗೆ ಎಲ್ಲ ಮರೆತು ಬಂದು ನನ್ನ ಎದೆ ಮುಟ್ಟಿ ನೋಡಿದರು. ಮದುವೆಯಾದ ಮೇಲೆ ಮೊದಲ ಸಲ!

“ಕರೆಂಟಿಗೂ ಮಡಿ ಅದ ಆಯಿ,” ಎಂದಳು ಮಥುರಾ. “ನಿನ್ನ ಮಡೀಗೆ ನೀರು ಬೇಕು, ಅದಕ್ಕ ನೀರು ಆಗಂಗಿಲ್ಲ. ನಿನಗ ಚಕ್ಕಳ ಆಗಂಗಿಲ್ಲ, ಅದಕ್ಕ ಚಕ್ಕಳನೇ ಬೇಕು.”

“ದೇವರ ಕೆಲಸಕ್ಕ ಚಕ್ಕಳ ಹ್ಯಾಂಗ...”

“ಅಪ್ಪಾ ಜಿಂಕಿ ಚರ್ಮದ ಮ್ಯಾಲ ಕೂತು ಜಪ ಮಾಡ್ತಿದ್ರಲ್ಲ, ಅದೇನು ಹತ್ತೀದಾ?”

ಅತ್ತೆ ಎದ್ದು ನಿಂತರು ನೋಡಿ, ಸೇನಾಪತಿಯಂತೆ!

“ರೇವಮ್ಮಾ, ಒಣಾ ಬೂದಿ ತಾ! ನೆಲ ಒರಸು! ಹುಲ್ಲಿನ ಪೆಂಡಿ ಅತ್ಲಾಗ ಸರಸು, ಕಿಡಿ ಹಾರ್ತದ! ಹಲಗಿ ಹಾಕು!”

ಹೊತ್ತು ನೆತ್ತಿಗೇರಿ ನೆಲ ಬಣಬಣ ಒಣಗುವ ತನಕ ಯಾರನ್ನೂ ಬಿಡಲಿಲ್ಲ. ಕೆಲಸದ ಜಾಗದ ಸುತ್ತ ತಾವೇ ರಂಗೋಲಿಯ ಗೆರೆ ಎಳೆದು, ಕೋಲು ಹಿಡಿದು ಕಾವಲು ಕೂತರು. ಗೆರೆ ದಾಟಿದವರ ಕಾಲು ಮುರಿಯುವ ಅಪ್ಪಣೆಯಾಯಿತು. ನಾನು ಒಣ ಬಟ್ಟೆ ಉಟ್ಟು, ಮೈ ಸುಧಾರಿಸಿಕೊಂಡು, ಮೀಸೆ ತಿರುವುತ್ತ ಗೆರೆಯ ಹತ್ತಿರ ಹೋದೆ.

“ಗೆರಿ ಹೊರಗ ನಿಲ್ರಿ ಅಳಿಯಂದ್ರ!”

“ಅತ್ತಿಯವ್ರ, ವೆಲ್ಡಿಂಗ್ ಮಾಡಾಂವ ನಾನು!”

“ನಿಮ್ದು ನೋಡೀವಿ. ಮಥುರಾ, ಬೂಟ ಹಾಕ್ಕೋ.”

ನನ್ನ ಹೆಂಡತಿ ಕಚ್ಚೆ ಬಿಗಿದು, ನಬಿಸಾಬನ ಬೂಟಿಗೆ ಚಿಂದಿ ತುರುಕಿ ಮೆಟ್ಟಿ, ಗ್ಲೌಸು ತೊಟ್ಟು, ಮುಖಕ್ಕೆ ಕರಿ ಕನ್ನಡಿ ಹಿಡಿದಳು. “ಎಲ್ಲಾರೂ ಬೆನ್ನು ತಿರುಗಿಸ್ರಿ! ಬೆಳಕ ನೋಡಿದ್ರ ಕಣ್ಣು ಹೋಗ್ತಾವ!” ಎಂದು ಅತ್ತೆ ಗುಡುಗಿದರು. ಚರ್... ಚರ್! ನಾನು ಗೋಡೆಗೆ ಮುಖ ಮಾಡಿ, ಶಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗನ ಹಾಗೆ, ನನ್ನ ಮಂಟಪ ನಾನಿಲ್ಲದೆ ಏಳುವ ಸದ್ದು ಕೇಳಿದೆ. ತಿರುಗಿ ನೋಡಿದರೆ ನಾಲ್ಕೂ ಕಂಬ ನಿಂತಿವೆ! ಬೆಸುಗೆ ಅವಳ ರಂಗೋಲಿಯ ಎಳೆಯಷ್ಟೇ ನೆಟ್ಟಗೆ!

“ಮಥುರಕ್ಕಾರ, ನನ್ನ ಎಮ್ಮಿ ಕೊಟ್ಟಗಿ ಗೇಟೂ ಹಚ್ಚಿಕೊಡ್ರಿ,” ಎಂದಳು ರೇವಮ್ಮ. ದೇವರ ಕಡೆ, ಅಂದರೆ ನನ್ನ ಕಡೆ, ತಿರುಗಿಯೂ ನೋಡಲಿಲ್ಲ!

“ನೀವಿನ್ನ ದವಾಖಾನಿಗೆ ಹೋಗಿ ಎದಿ ತೋರಿಸ್ಕೊಂಡು ಬರ್ರಿ,” ಎಂದಳು ಹೆಂಡತಿ, ಕನ್ನಡಿಯ ಹಿಂದಿನಿಂದ. “ಎಷ್ಟು ಸಲ ಹೇಳ್ಲಿ?”

ಬೆಳಗಿನಿಂದ ಒಳಗೆ ಹೊರಗೆ ಓಡಾಡಿ ದಣಿದ ನಾನು ಒಳಗೆ ಹೋಗಿ ಅಂಗಿ ತೊಟ್ಟು, ಆ ದಿನದ ಕೊನೆಯ ಸಲ, ಆ ಮನೆಯ ಹೊಸ್ತಿಲು ದಾಟಿದೆ. ತಲೆ ತಗ್ಗಿಸಿ, ಬರಿಗಾಲಲ್ಲಿ, ಅಂಗಳಕ್ಕೆ ಹೆಜ್ಜೆ ಇಡಬೇಕು, ಅಷ್ಟರಲ್ಲಿ ಎದುರಿಗೆ ಅತ್ತೆಯ ಕೋಲು ಬಂತು. ಕೋಲಿನ ತುದಿಯಲ್ಲಿ, ಅಂಗಳದಾಚೆ ಬಿಟ್ಟಿದ್ದ ನನ್ನ ಎರಡೂ ಚಪ್ಪಲಿ ಜೋತಾಡುತ್ತಿದ್ದವು!

“ಮೆಟ್ಟಿಕೊಂಡು ನಡೀರಿ ಅಳಿಯಂದ್ರ! ಅಂಗಳದಾಗ ವೈರ್ ಅದ. ನಿಮ್ಮ ಮ್ಯಾಲ ನನಗ ಭರೋಸಾ ಇಲ್ಲ!”