ವಾದ ಮಾಡಿ ತಂದ ಗಡಿಗೆ

ವಾದದಲ್ಲಿ ಗೆಲ್ಲುವುದು ಒಂದು ಚಟ. ನನಗೆ ಅದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅಂಟಿತು. ಗೆದ್ದ ಕಪ್ಪುಗಳು ಮನೆಯ ಷೋಕೇಸಿನಲ್ಲಿವೆ. ಒಂದರಲ್ಲೂ ನೀರು ಕುಡಿಯಲು ಬರುವುದಿಲ್ಲ ಎಂಬುದು ಅವ್ವನ ತಕರಾರು. ದೇವರಿಂದ ಹಿಡಿದು ಹಲ್ಲಿಯ ಶಕುನದವರೆಗೆ ಎಲ್ಲದಕ್ಕೂ ಪುರಾವೆ ಕೇಳುವ ನನ್ನನ್ನು ಅವಳು ಸಂತೆಗೆ ಕಳಿಸುವುದನ್ನೇ ಬಿಟ್ಟಿದ್ದಳು. ಬದನೆಕಾಯಿಯವಳೊಂದಿಗೆ ಅರ್ಧ ತಾಸು ವಾದಿಸಿ, ಗೆದ್ದು, ಹುಳುಕು ಬದನೆಕಾಯಿ ತಂದ ಚರಿತ್ರೆ ನನ್ನದು.

ಆದರೂ ಈ ಬೇಸಿಗೆಯಲ್ಲಿ ಹಡಗಲಿಯಲ್ಲಿ ಕುಂಬಾರಿಕೆಯ ಮೇಳ ನಡೆದಾಗ, ಮಂಡಿನೋವಿನಿಂದ ಕೂತಿದ್ದ ಅವ್ವ ಬೇರೆ ದಾರಿಯಿಲ್ಲದೆ ಹೇಳಿದಳು: “ಫ್ರಿಜ್ಜಿನ ನೀರಿಗೆ ಗಂಟಲು ಕಟ್ಟತೈತಿ. ನೀರಿನ ಗಡಿಗಿ ಒಂದು ತಗೊಂಡ್ ಬಾ. ಬಡದು ನೋಡಿ ತರಬೇಕು, ಮಾತಾಡಿ ಅಲ್ಲ.” ಬದನೆಕಾಯಿಯಲ್ಲಿ ಹೋದ ಮಾನವನ್ನು ಗಡಿಗೆಯಲ್ಲಿ ತುಂಬಿಕೊಂಡು ಬರುವೆನೆಂದು ಹೊರಟೆ.

ಮೇಳದಲ್ಲಿ ಮಾಗಳದ ಬಸಮ್ಮ ಎಂಬ ಹಿರಿಯ ಕುಂಬಾರಗಿತ್ತಿ ಜನರಿಗೆ ಕೆಲಸ ತೋರಿಸುತ್ತಿದ್ದಳು. ಹಸಿ ಗಡಿಗೆಯ ಒಳಗೆ ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ಹೊಟ್ಟೆ ಉಬ್ಬಿಸಿದಳು. ಇನ್ನೊಂದಕ್ಕೆ ಕೆಮ್ಮಣ್ಣಿನ ನೀರು ಬಳಿದು, ಹೊಳೆಯ ನುಣುಪುಗಲ್ಲಿನಿಂದ ಉಜ್ಜಿದಳು. ಮಣ್ಣು ಎಣ್ಣೆ ಹಚ್ಚಿದ ತಲೆಯಂತೆ ಮಿಂಚಿತು. ಕತ್ತಿನ ಸುತ್ತ ಹುರಿ ಒತ್ತಿ ಜಡೆಯಂಥ ಗೆರೆ ಮೂಡಿಸಿದಳು. ಮಾದರಿಗೆಂದು ಪಕ್ಕದಲ್ಲಿ ಸುಟ್ಟ ಗಡಿಗೆಯೊಂದಿತ್ತು. ಜಡೆ, ಬಳ್ಳಿ, ಬಿಳಿ ಚುಕ್ಕೆ ಎಲ್ಲವೂ ಅದರ ಮೇಲೆ. ನನಗೆ ಅದೇ ಬೇಕೆಂದೆ.

“ಅದು ಮಾರೂದಲ್ಲ ತಮ್ಮಾ. ಚಿತ್ತಾರ ತೋರಸಾಕ ಇಟ್ಟೀನಿ. ಸೀಳು ಬಿಟ್ಟೈತಿ.”

“ಎಲ್ಲೈತಿ ಸೀಳು? ತೋರಸ್ರಿ.”

“ಕಣ್ಣಿಗೆ ಕಾಣಾಂಗಿಲ್ಲ. ಬಡದು ಕೇಳು.”

ಕಾಣದ್ದನ್ನು ನಂಬು ಎಂದರೆ ನನಗೆ ಮೈಯೆಲ್ಲ ಹುರುಪು. ಕಾಣದ ಸೀಳಿಗೂ ಕಾಣದ ದೆವ್ವಕ್ಕೂ ವ್ಯತ್ಯಾಸವೇನು, ಒಬ್ಬರ ಕಿವಿಗೆ ಕೇಳಿದ್ದು ಇನ್ನೊಬ್ಬರಿಗೆ ಸಾಕ್ಷಿ ಹೇಗಾದೀತು ಎಂದೆಲ್ಲ ಹೇಳಿದೆ. ಮಾತಿನ ಭರದಲ್ಲಿ ಗಡಿಗೆಯನ್ನು ಬಡಿದದ್ದೂ ಹೌದು. ಆದರೆ ನನ್ನ ದನಿಯೇ ಜೋರಾಗಿತ್ತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಬಸಮ್ಮ ಕೈಯ ಕಲ್ಲು ಕೆಳಗಿಟ್ಟು, “ಒಯ್ಯಪಾ, ರೊಕ್ಕ ಬ್ಯಾಡ. ನಾಳಿನೂ ಮೇಳ ಐತಿ” ಎಂದಳು. ಮೊದಲ ಮಾತನ್ನು ಶರಣಾಗತಿ ಎಂದುಕೊಂಡೆ. ಎರಡನೆಯದನ್ನು ಕೇಳಿಸಿಕೊಳ್ಳಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ತುಂಗಭದ್ರೆ ಹರಿದಳು. ಗಡಿಗೆ ಬೆವರಿದರೇ ನೀರು ತಂಪಾಗುವುದು ಎಂದು ವಿವರಿಸಿದೆ. ಅವ್ವ ಒಂದು ಕೈಯಲ್ಲಿ ಮಂಡಿ ಹಿಡಿದುಕೊಂಡು, ಇನ್ನೊಂದರಲ್ಲಿ ನೆಲ ಒರೆಸುತ್ತ, “ಇದು ಬೆವರಾಕತ್ತಿಲ್ಲಪಾ, ಅಳಾಕತ್ತೈತಿ” ಎಂದಳು. ಅರಿವೆಯನ್ನು ಅವಳ ಕೈಯಿಂದ ಇಸಿದುಕೊಂಡು ನಾನೇ ಒರೆಸಿದೆ.

ಮರುದಿನ ಸೋರುವ ಗಡಿಗೆ ಹೊತ್ತು ಬಸಮ್ಮನ ಮುಂದೆ ನಿಂತೆ. ಅವಳು ಹುಲ್ಲಿನಲ್ಲಿ ಸುತ್ತಿಟ್ಟಿದ್ದ ಸಾದಾ ಗಡಿಗೆಯೊಂದನ್ನು ಮುಂದಿಟ್ಟಳು. “ನಿನಗಂತ ನಿನ್ನೇನ ತಗದಿಟ್ಟೀನಿ. ಬಡಿ.” ಬಡಿಯುತ್ತಲೇ, “ಅಂದ್ರ ಇದರ ಹಿಂದಿನ ತರ್ಕ ಏನಂದ್ರ” ಎಂದು ಶುರುಮಾಡಿದೆ. “ಬಾಯಿ ಮುಚ್ಚಿ ಬಡಿ” ಎಂದಳು. ಮುಚ್ಚಿದೆ. ಗಂಟೆಯಂತೆ ಠಣ್ಣೆಂದಿತು. ಹಳೆಯದನ್ನು ಬಡಿದೆ, ಒದ್ದೆ ರಟ್ಟಿನಂತೆ ದಬ್ಬೆಂದಿತು. ನಾನು ಕೇಳುತ್ತಿದ್ದ ಪುರಾವೆ ನಿನ್ನೆಯಿಂದಲೂ ಕೂಗುತ್ತಲೇ ಇತ್ತು.

ಮನೆಯಲ್ಲಿ ಅವ್ವ ಹೊಸ ಗಡಿಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ತಲೆದೂಗಿದಳು. “ಚಲೋ ಐತಿ. ಇದನ್ನ ನೀ ಆರಿಸಿಲ್ಲ ಬಿಡು.”

“ಪುರಾವೆ ಏನೈತಿ?” ಎಂದೆ.

“ನೀ ಆರಿಸಿದ್ರ ಬಾಗಲದಾಗ ಭಾಷಣ ಶುರು ಆಗತಿತ್ತು. ಬಂದು ಅರ್ಧ ತಾಸಾತು. ಈಗ ಬಾಯಿ ತಗದಿ.”

ಆ ಗಡಿಗೆಯ ನೀರು ನಿಜಕ್ಕೂ ತಂಪು. ಕುಡಿಯುವಷ್ಟು ಹೊತ್ತು ನಾನೂ ಸುಮ್ಮನಿರುತ್ತೇನೆ. ಅವ್ವ ನನಗೀಗ ಲೋಟ ಬಿಟ್ಟು ದೊಡ್ಡ ಚೊಂಬಿನಲ್ಲೇ ನೀರು ಕೊಡುತ್ತಾಳೆ.