ಮಾವನವರು ಗ್ರೂಪ್ ಬಿಟ್ಟರು

ಎರಡು ಸಾವಿರ ಹೆಂಗಸರು ಒಂದೇ ಕಡೆ ಸೇರಿ ಮೌನವಾಗಿರುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ನಾನೇ ಅದರ ಅಡ್ಮಿನ್.

‘ಮುಂಬಯಿ ಕನ್ನಡತಿಯರ ಕಟ್ಟೆ’ ಎಂಬ ನಮ್ಮ ಆನ್‌ಲೈನ್ ಗ್ರೂಪಿನಲ್ಲಿ ಕೊಲಾಬಾದಿಂದ ಕಲ್ಯಾಣದವರೆಗಿನ ಕನ್ನಡತಿಯರೆಲ್ಲ ಇದ್ದಾರೆ. ಮಾತಾಡುವವರು ಮಾತ್ರ ನಾಲ್ಕು ಮಂದಿ. ಆ ನಾಲ್ವರಲ್ಲಿ ಮೂವರು ವಿಲೆ ಪಾರ್ಲೆಯ ವಿನೋದಿನಿ ಅಕ್ಕ. (ಅವರು ಒಬ್ಬರೇ. ಆದರೆ ಕಾಮೆಂಟು ಎಣಿಸಿದರೆ ಮೂವರ ಲೆಕ್ಕ ಬರುತ್ತದೆ.) ಯಾರೋ ಹೊಸಬಳು ಧೈರ್ಯ ಮಾಡಿ, “ನಾನೂ ಹೀಗೇ ಮಾಡ್ತೇನೆ” ಎಂದು ಒಂದು ಸಾಲು ಬರೆದರೆ, ಅದರ ಕೆಳಗೆ ವಿನೋದಿನಿ ಅಕ್ಕ “ಹಾಗೆ ಮಾಡಬಾರದು” ಎಂದು ಒಂದು ಪುಟ ಬರೆಯುತ್ತಿದ್ದರು. ಆ ಹೊಸಬಳು ಮತ್ತೆ ಬಾಯಿ ಬಿಡುತ್ತಿರಲಿಲ್ಲ.

ಇದನ್ನು ನೋಡಿ ನನಗೆ ಸುಮ್ಮನಿರಲಾಗಲಿಲ್ಲ. ‘ಹೊಸ ದನಿ ಅಭಿಯಾನ’ ಘೋಷಿಸಿದೆ. ಹೊಸಬರ ಮಾತನ್ನು ಯಾರೂ ತಿದ್ದಕೂಡದು, ಯಾರೂ ಅಳಿಸಕೂಡದು, ಪ್ರತಿ ಹೊಸ ಕಾಮೆಂಟಿಗೂ ಅಡ್ಮಿನ್ ಖುದ್ದಾಗಿ ಪ್ರೋತ್ಸಾಹದ ಉತ್ತರ ಕೊಡತಕ್ಕದ್ದು.

ಈ ‘ಖುದ್ದಾಗಿ’ ಎನ್ನುವಲ್ಲಿ ಸ್ವಲ್ಪ ತೊಡಕಿತ್ತು. ನನ್ನ ಮಗಳು ನಿಶಾಗೆ ಒಂದೂವರೆ ವರ್ಷ. ಅವಳು ಎಚ್ಚರವಿರುವಾಗ ನನ್ನ ಎರಡೂ ಕೈ ಅವಳದ್ದು. ಮಲಗಿದ್ದಾಗ ಎರಡೂ ಕೈ ಪಾತ್ರೆಗಳದ್ದು. ಹಾಗಾಗಿ ಒಂದು ವಾಕ್ಯವನ್ನು ಫೋನಿನಲ್ಲೇ ಸಿದ್ಧಮಾಡಿ ಇಟ್ಟುಕೊಂಡೆ. ಹೆಬ್ಬೆರಳು ಒಮ್ಮೆ ಒತ್ತಿದರೆ ಸಾಕು, ಸಾಲು ಪೂರ್ತಿ ಬೀಳುತ್ತಿತ್ತು: “ಆಹಾ, ಬಾಯಲ್ಲಿ ನೀರೂರಿತು! ಇಂಥದ್ದು ಇನ್ನೂ ಬರಲಿ, ನಿಮ್ಮ ದನಿ ನಮಗೆ ಬೇಕು!” ನಮ್ಮ ಕಟ್ಟೆಯಲ್ಲಿ ಬರುವುದೆಲ್ಲ ಸಾರು, ಸುಕ್ಕ, ಚಟ್ನಿಯೇ ಆದ್ದರಿಂದ ಈ ವಾಕ್ಯ ಎಲ್ಲಿಗೆ ಹಾಕಿದರೂ ಒಗ್ಗುತ್ತಿತ್ತು. ಹೆಂಗಸರು ಅರಳಿದರು. “ಅಡ್ಮಿನ್ ಲಾವಣ್ಯಾ ಎಷ್ಟು ಪ್ರೀತಿಯಿಂದ ಓದ್ತಾರೆ!” ಎಂದು ನಾಗರತ್ನಾ ಎಂಬವರು ಬರೆದರು. ಅದಕ್ಕೂ ಒತ್ತಿದೆ.

ಹೊರಗೆ ಹೀಗೆ ದನಿಗಳ ಜಾತ್ರೆ ನಡೆದಿರುವಾಗ, ಭಾಂಡುಪಿನ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಒಂದು ದನಿ ನಿಂತುಹೋಗಿತ್ತು. ಅದು ನನ್ನ ಅತ್ತೆ ಶೀಲಾವತಿಯವರದ್ದು. ಕಳೆದ ಮಳೆಗಾಲದಲ್ಲಿ ಮಾವ ತೀರಿಕೊಂಡರು. ಘಾಟ್ಕೋಪರಿನ ಹೋಟೆಲೊಂದರ ಗಲ್ಲಾದಲ್ಲಿ ಜೀವಮಾನ ಕುಳಿತವರು. ಈಗ ಅದೇ ಗಲ್ಲಾದಲ್ಲಿ ನನ್ನ ಗಂಡ ಸಂದೀಪ ಕೂರುತ್ತಾನೆ. ಮಾವ ಇರುವಾಗ ಅತ್ತೆಯ ಮಾತು ಮೂರನೇ ಮಾಳಿಗೆಯಿಂದ ಗೇಟಿನ ವಾಚ್‌ಮನ್‌ವರೆಗೆ ಕೇಳುತ್ತಿತ್ತು. ಅವರು ಹೋದ ಮೇಲೆ ಒಂದೆರಡು ತಿಂಗಳು ಹೇಗೋ ನಡೆಯಿತು. ಆಮೇಲೆ ಬರೀ “ಹೂಂ”, “ಬೇಡ”. ಕೊನೆಗೆ “ಬೇಡ”ವೂ ಹೋಗಿ “ಹೂಂ” ಒಂದೇ ಉಳಿಯಿತು. ಊಟ ಅರ್ಧವಾಯಿತು. ಬಳೆ ಮೊಣಕೈಯವರೆಗೆ ಜಾರತೊಡಗಿತು. “ಹೀಗೇ ಇದ್ದರೆ ಕಷ್ಟ. ಹೇಗಾದರೂ ಮಾತಾಡಿಸಿ” ಎಂದರು ಡಾಕ್ಟರು.

ಮಾತಾಡಿಸುವುದರಲ್ಲಿ ಈ ಮಹಾನಗರಿಯಲ್ಲೇ ನನ್ನನ್ನು ಮೀರಿಸಿದವರು ಯಾರು? ಅತ್ತೆಯನ್ನೇ ಗ್ರೂಪಿಗೆ ಸೇರಿಸಿದೆ. ಅವರ ಬಳಿ ಇದ್ದದ್ದು ಮಾವನ ಫೋನು. ಅದರಲ್ಲಿದ್ದದ್ದು ಮಾವನ ಖಾತೆ: ದೂಜ ಪೂಜಾರಿ, ಗಲ್ಲಾದ ಹಿಂದೆ ಗಂಧ ಹಚ್ಚಿಕೊಂಡು ಕುಳಿತ ಫೋಟೋ.

“ಹೆಸರು ಬದಲಿಸ್ಲಾ ಅತ್ತೆ?” ಎಂದೆ. (ಮನೆಯಲ್ಲಿ ನಾವಾಡುವುದು ತುಳು, ನಿಮಗಾಗಿ ಕನ್ನಡ ಮಾಡಿದ್ದೇನೆ.)

ಅತ್ತೆ ಫೋನನ್ನು ಎದೆಗೆ ಒತ್ತಿಕೊಂಡರು. ಅಷ್ಟೇ ಉತ್ತರ.

ಜನ್ಮದಲ್ಲಿ ಗಂಡನ ಹೆಸರು ಹೇಳಿದವರಲ್ಲ ನಮ್ಮ ಅತ್ತೆ. ರೇಷನ್ ಅಂಗಡಿಯವನು ಕೇಳಿದರೂ ನನ್ನತ್ತ ಕೈ ತೋರಿಸುವವರು. ಇನ್ನು ಮೇಲೆ ಅವರ ಪ್ರತಿ ಮಾತಿನ ನೆತ್ತಿಯ ಮೇಲೂ ಆ ಹೆಸರೇ ಇರುತ್ತದೆ. “ಟೈಪ್ ಮಾಡ್ಬೇಕಂತಿಲ್ಲ, ಮೈಕ್ ಒತ್ತಿ ಮಾತಾಡಿದ್ರೆ ಅದೇ ಬರ್ಕೊಳ್ತದೆ” ಎಂದು ತೋರಿಸಿದೆ. ತಲೆಯಾಡಿಸಿದರು. ಒಂದೇ ಬೆರಳಿನಲ್ಲಿ, ಅಕ್ಕಿಯಿಂದ ಕಲ್ಲು ಆರಿಸುವಂತೆ, ಒಂದೊಂದೇ ಅಕ್ಷರ ಒತ್ತಿದರು.

ಮರುದಿನ ಬೆಳಿಗ್ಗೆ ನನ್ನ ಫೋನು ಸಂದೀಪನ ಕೈಯಲ್ಲಿತ್ತು. ಅದು ಟಿಣ್ ಎಂದಿತು. ಅವನ ಮುಖ ಸುಣ್ಣವಾಯಿತು.

“ಲಾವಣ್ಯಾ... ಅಪ್ಪ ಕಾಮೆಂಟ್ ಮಾಡಿದ್ದಾರೆ.”

“ಎಂತ ಅಂತೆ?”

“ನಿನ್ನ ಸಾರಿಗೆ... ಉಪ್ಪು ಕಮ್ಮಿ ಅಂತೆ.”

ಹೆಂಗಸರ ಗ್ರೂಪಿಗೆ ಗಂಡಸು ಹೇಗೆ ಬಂದ ಎಂದು ವಿನೋದಿನಿ ಅಕ್ಕ ಅಷ್ಟರಲ್ಲೇ ರಣಕಹಳೆ ಊದಿದ್ದರು. ವಿಷಯ ತಿಳಿಸಿದೆ. ಕಟ್ಟೆಯೇ ಕರಗಿತು. ಅಭಿಯಾನದ ಕಾನೂನಿನಂತೆ ಎಲ್ಲರೂ “ಬರೀರಿ ಅಮ್ಮಾ, ಬರೀರಿ” ಎಂದು ಹೃದಯಗಳ ಮಳೆ ಸುರಿಸಿದರು. ಅತ್ತೆ ಬರೆದರು. ನಾನು ಮೀನಿನ ಸಾರಿನ ಫೋಟೋ ಹಾಕಿದರೆ “ಹುಳಿ ಹೆಚ್ಚಾಗಿದೆ, ನಾನು ತಿಂದೆ”, ನೀರುದೋಸೆ ಹಾಕಿದರೆ “ಇದು ಮೊದಲನೇ ದೋಸೆಯಲ್ಲ, ಮೊದಲಿನ ಆರು ಕಾವಲಿಗೆ ಹಿಡಿದಿದ್ದವು.” ಅಳಿಸುವಂತಿಲ್ಲ. ತಿದ್ದುವಂತಿಲ್ಲ. ಕಾನೂನು ನನ್ನದೇ. ಎರಡು ಸಾವಿರ ಹೆಂಗಸರ ಎದುರು ನನ್ನ ಅಡುಗೆಯ ಮರ್ಯಾದೆ ಹೋಯಿತು. ಹೋಗಲಿ ಬಿಡಿ, ಅತ್ತೆ ಒಂದು ತುತ್ತು ಹೆಚ್ಚು ಉಣ್ಣತೊಡಗಿದ್ದರು. ಒಂದು ದಿನ ಫೋಟೋ ಹಾಕಲು ಮರೆತಾಗ ನನ್ನ ಫೋನನ್ನು ತಂದು ತಟ್ಟೆಯ ಪಕ್ಕ ಇಟ್ಟು ಹೋದರು. ಬಾಯಿ ಮಾತ್ರ ತೆರೆಯಲಿಲ್ಲ. ಇನ್ನೇನು, ಅದೂ ತೆರೆದೀತು ಎಂದು ಅಂದು ಡೈರಿಯಲ್ಲಿ ಬರೆದುಕೊಂಡೆ.

ಆಮೇಲೆ ಬಂತು ಆ ಮಂಗಳವಾರ. “ಸಂಜೆಯ ಚಹಾದ ಜೊತೆ ನಿಮ್ಮಲ್ಲೇನು?” ಎಂದು ಕಟ್ಟೆಯಲ್ಲಿ ಕೇಳಿ, ನಿಶಾಗೆ ಚುಚ್ಚುಮದ್ದು ಹಾಕಿಸಲು ಘಾಟ್ಕೋಪರಿಗೆ ಹೋಗಿದ್ದೆ. ವಾಪಸು ಬರುವಾಗ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಒಂದು ಕೈ ಹಿಡಿಕೆಗೆ, ಒಂದು ಕೈಯಲ್ಲಿ ಅಳುವ ಮಗು. ಫೋನು ಟಿಣ್ ಟಿಣ್ ಎನ್ನುತ್ತಿತ್ತು. ಹೊಸ ದನಿಗಳು ಕಾಯಬಾರದಲ್ಲ? ಮಗುವಿನ ಬೆನ್ನ ಹಿಂದಿನಿಂದ ಹೆಬ್ಬೆರಳು ಚಾಚಿ ಒತ್ತಿದೆ. ಶೇಂಗಾ ಚಿಕ್ಕಿಗೆ ಒತ್ತಿದೆ, ಗೋಳಿಬಜೆಗೆ ಒತ್ತಿದೆ, ಮತ್ತೊಂದಕ್ಕೆ ಒತ್ತಿದೆ.

ಕಾಂಜೂರ್‌ಮಾರ್ಗ್ ಬರುವಷ್ಟರಲ್ಲಿ ವಿನೋದಿನಿ ಅಕ್ಕನ ಕಾಮೆಂಟು ಕಂಡಿತು. ಅವರ ಜೀವಮಾನದಲ್ಲೇ ಅತಿ ಚಿಕ್ಕದು: “ಲಾವಣ್ಯಾ, ನೀವು ಇದನ್ನು ಓದಿದ್ದೀರಾ?”

ಆಗ ಓದಿದೆ.

“ಚಹಾದ ಜೊತೆ ನಮ್ಮಲ್ಲಿ ಮಾತು ಇತ್ತು. ನಮ್ಮ ಮನೆಯವರಿಗೆ ಕೊನೆಕೊನೆಗೆ ಕಿವಿ ಕೇಳುತ್ತಿರಲಿಲ್ಲ. ಮಿಷನ್ ಹಾಕಲು ಒಪ್ಪಲಿಲ್ಲ. ಅವರಿಗೆ ಕೇಳಲಿ ಎಂದು ಮಾತಾಡಿ ಮಾತಾಡಿ ನನ್ನ ಸ್ವರವೇ ಜೋರಾಗಿ ಹೋಯಿತು. ಈಗ ಬಾಯಿ ತೆರೆದರೆ ಮಗು ಬೆಚ್ಚುತ್ತದೆ, ಸೊಸೆ ತುಟಿಗೆ ಬೆರಳಿಡುತ್ತಾಳೆ. ಅವಳ ತಪ್ಪಲ್ಲ, ಮಗು ಮಲಗುವುದೇ ಕಷ್ಟ. ಮೆಲ್ಲಗೆ ಮಾತಾಡಲು ನೋಡಿದೆ, ಬರುವುದಿಲ್ಲ. ಅದಕ್ಕೆ ಬಿಟ್ಟೆ. ಇಲ್ಲಿ ಬರೆದರೆ ಯಾರಿಗೂ ಎಚ್ಚರ ಆಗುವುದಿಲ್ಲ.”

ಅದರ ಕೆಳಗೆ, ಎರಡು ಸಾವಿರ ಹೆಂಗಸರ ಸಾಕ್ಷಿಯಾಗಿ, ನಾನು: “ಆಹಾ, ಬಾಯಲ್ಲಿ ನೀರೂರಿತು! ಇಂಥದ್ದು ಇನ್ನೂ ಬರಲಿ, ನಿಮ್ಮ ದನಿ ನಮಗೆ ಬೇಕು!”

ಅಳಿಸಿದೆ. ಅವಸರದಲ್ಲಿ ಮೊದಲು ಗೋಳಿಬಜೆಯದ್ದು ಅಳಿಸಿಹೋಯಿತು, ಆಮೇಲೆ ಇದು. ಅಷ್ಟರಲ್ಲಿ ಫೋನು ಮತ್ತೊಮ್ಮೆ ಟಿಣ್ ಎಂದಿತು: ‘ದೂಜ ಪೂಜಾರಿ ಗ್ರೂಪ್ ಬಿಟ್ಟಿದ್ದಾರೆ.’

ನಮ್ಮ ಮಾವ ಎರಡನೇ ಸಲ ಹೋದರು. ಮೊದಲನೇ ಸಲ ಹೃದಯಾಘಾತ. ಈ ಸಲ ನಾನು.

ಮನೆಗೆ ಬಂದರೆ ಅತ್ತೆ ಕಿಟಕಿಯ ಬಳಿ ಕುಳಿತಿದ್ದರು. ಫೋನು ಆಫ್ ಆಗಿ ಮಾವನ ಫೋಟೋದ ಕೆಳಗೆ, ಊದುಬತ್ತಿಯ ಪಕ್ಕದಲ್ಲಿತ್ತು. ಅಂದಿನಿಂದ “ಹೂಂ” ಕೂಡ ನಿಂತಿತು. ತಟ್ಟೆ ಹಾಗೇ ಹಿಂದೆ ಬರತೊಡಗಿತು.

“ಹೋಗಿ ತಪ್ಪಾಯ್ತು ಅಂತ ಹೇಳು ಮಾರಾಯ್ತಿ” ಎಂದ ಸಂದೀಪ ಒಂದು ಬೆಳಿಗ್ಗೆ, ಶೂ ಹಾಕಿಕೊಳ್ಳುತ್ತಾ.

“ಬರೆದು ಕೊಡ್ಲಾ?”

“ಬರ್ದದ್ದು ಸಾಕು! ಬಾಯಲ್ಲಿ ಹೇಳು.”

“ನೀವು ಮಗ ಅಲ್ವಾ? ನೀವು ಎಷ್ಟು ಮಾತಾಡಿದ್ರಿ ಅಮ್ಮನ ಹತ್ರ?”

ಅವನು ಹಾಕಿಕೊಂಡ ಶೂವಿನ ಲೇಸು ಬಿಚ್ಚಿ ಮತ್ತೆ ಕಟ್ಟಿದ. ಆಮೇಲೆ ಎರಡನೆಯದನ್ನೂ ಹಾಕಿಕೊಂಡು ಹೋದ. ಮಾವ ಪ್ರತಿದಿನ ಗಲ್ಲಾದ ಸುದ್ದಿಯನ್ನೆಲ್ಲ ಮನೆಗೆ ತರುತ್ತಿದ್ದರು, ಯಾರು ಎಷ್ಟು ಇಡ್ಲಿ ತಿಂದರು, ಯಾರು ಬಿಲ್ಲು ಕೊಡದೆ ಓಡಿದರು ಎಲ್ಲ. ಸಂದೀಪ ತರುವುದು ಉಳಿದ ಸಾಂಬಾರು ಮಾತ್ರ.

ಆ ಮಧ್ಯಾಹ್ನ ನಿಶಾ ಮಲಗಿದ ಮೇಲೆ ಅತ್ತೆಯ ಕಾಲ ಬಳಿ ಕುಳಿತೆ. ಅಳು ತಡೆದುಕೊಂಡು, ಪಿಸುಮಾತಿನಲ್ಲಿ (ಮಗು ಮಲಗಿತ್ತಲ್ಲ!) ಎಲ್ಲ ಹೇಳಿದೆ. ಓದದೆ ಒತ್ತಿದ್ದು, ಊರವರ ದನಿಗೆಲ್ಲ ಕಿವಿಯಾಗಲು ಹೊರಟು ಮನೆಯ ದನಿಗೆ ‘ಶ್’ ಎಂದು ಬೆರಳು ತೋರಿಸಿದ್ದು.

ಅತ್ತೆ ಕಿವಿಗೆ ಕೈ ಇಟ್ಟರು. ಕೇಳಲಿಲ್ಲ ಎಂದು.

ಮತ್ತೆ ಹೇಳಿದೆ, ಸ್ವಲ್ಪ ಗಟ್ಟಿಯಾಗಿ.

ಅತ್ತೆ ತಲೆಯಾಡಿಸಿದರು. ಇನ್ನೂ ಜೋರು ಎಂದು ಕೈ ಮೇಲೆತ್ತಿದರು. ಅವರ ಕಿವಿಗೆ ಏನೂ ಆಗಿಲ್ಲ. ಪಕ್ಕದ ಮನೆಯ ಕುಕ್ಕರಿನ ಸೀಟಿ ಎಣಿಸುವವರು ಅವರು.

ಮೂರನೇ ಸಲ ನಾನು ಗಂಟಲು ಹರಿಯುವಂತೆ ಕೂಗಿದೆ. “ತಪ್ಪಾಯ್ತು ಅತ್ತೇ! ನಾನು ಓದ್ಲಿಲ್ಲ! ನಿಮ್ಮ ಬಾಯಿ ಮುಚ್ಚಿಸಿದ್ದು ನಾನೇ!” ಎದುರು ಬಿಲ್ಡಿಂಗಿನ ಒಬ್ಬಳು ಬಟ್ಟೆ ಒಣಗಿಸುವುದನ್ನು ನಿಲ್ಲಿಸಿ ಕಿಟಕಿಗೆ ಬಂದಳು. ಕೆಳಗೆ ವಾಚ್‌ಮನ್ “ಕ್ಯಾ ಹುವಾ ಭಾಭೀ?” ಎಂದ.

ಅತ್ತೆ ಕೊನೆಯ ಮಾತಿನವರೆಗೆ ಕೇಳಿಸಿಕೊಂಡರು. ಸೆರಗಿನಿಂದ ಬಾಯಿ ಒರೆಸಿಕೊಂಡರು. ನಗಲಿಲ್ಲ. ಅಳಲೂ ಇಲ್ಲ. ಮಾವನ ಫೋಟೋದತ್ತ ಒಮ್ಮೆ ನೋಡಿ, ಮಾವನಿಗೆ ಕೇಳುವಷ್ಟು ಜೋರಾಗಿ, ತಿಂಗಳುಗಟ್ಟಲೆ ಕಟ್ಟಿದ್ದ ಆ ಸ್ವರದಲ್ಲಿ ಹೇಳಿದರು:

“ಆಹಾ, ಬಾಯಲ್ಲಿ ನೀರೂರಿತು! ಇಂಥದ್ದು ಇನ್ನೂ ಬರ್ಲಿ!”

ಒಳಗೆ ನಿಶಾ ಬೆಚ್ಚಿಬಿದ್ದು ಕಿರುಚಿದಳು. ಅಭ್ಯಾಸಬಲದಿಂದ ನನ್ನ ಬೆರಳು ತುಟಿಯತ್ತ ಹೊರಟಿತ್ತು. ಅತ್ತೆ ಅದನ್ನೇ ನೋಡುತ್ತಿದ್ದರು. ಅದು ದಾರಿಯಲ್ಲೇ ಮೂಗು ಒರೆಸಿಕೊಂಡು ಹಿಂದಿರುಗಿತು.