ನನ್ನ ತಮ್ಮನ ಐದು ಜರ್ಮನಿಗಳು

ಸಿರಿ, ಚಿರಂತ್, ನನ್ನ ಮೊಮ್ಮಕ್ಕಳೇ, ಐದು ದೇಶ ಸುತ್ತಿದವರು ಬೇಕಾದಷ್ಟು ಜನ ಸಿಗುತ್ತಾರೆ. ಪೀಣ್ಯದಿಂದ ಅಲುಗಾಡದೆ ಒಂದೇ ದೇಶವನ್ನು ಐದು ದೇಶ ಮಾಡಿದವನು ಮಾತ್ರ ನನ್ನ ತಮ್ಮ ಒಬ್ಬನೇ!

ಅವನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಅಲ್ಲಿಗೆ ಜರ್ಮನಿಯಿಂದ ಹೊಸ ಯಂತ್ರ ಬಂತು. ಜೊತೆಗೆ ಬಂದ ಪುಸ್ತಕದಲ್ಲಿ ಒಂದೊಂದು ಭಾಷೆಗೆ ಒಂದೊಂದು ಭಾಗ, ಒಂದೊಂದರಲ್ಲೂ ದೇಶದ ಹೆಸರು ಬೇರೆ. ಜರ್ಮನಿ, ಡಾಯ್ಚ್‌ಲ್ಯಾಂಡ್, ಸಾಕ್ಸಾ, ನೀಮ್ಸಿ. ಫ್ರೆಂಚ್ ಭಾಗದಲ್ಲಿದ್ದದ್ದನ್ನು ಇವನು ಅಕ್ಷರ ಕೂಡಿಸಿ ‘ಅಲ್ಲೆಮ್ಯಾಗ್ನೆ’ ಎಂದು ಓದಿದನಂತೆ. ಓದಿದವನೇ ಮಾಲೀಕರ ಬಳಿಗೆ ಓಡಿದ.

“ಸಾರ್, ನಿಮ್ಗೆ ಟೋಪಿ ಹಾಕವ್ರೆ! ಈ ಮಿಷಿನ್ ಕತ್ತು ಒಂದ್ ದೇಶದ್ದು, ಕಾಲು ಒಂದ್ ದೇಶದ್ದು. ಐದು ದೇಶದ ಗುಜರಿ ಸೇರ್ಸಿ ಕಳ್ಸವ್ರೆ!”

ಯಂತ್ರ ಜೋಡಿಸಲು ಬಂದಿದ್ದ ಜರ್ಮನ್ ಇಂಜಿನಿಯರು ಹೊಟ್ಟೆ ಹಿಡಿದು ನಕ್ಕರಂತೆ. ಆಮೇಲೆ ಮಾಲೀಕರ ಮೂಲಕ ಬಿಡಿಸಿ ಹೇಳಿದರು. ಜರ್ಮನಿಯವರು ತಮ್ಮ ನಾಡನ್ನು ಡಾಯ್ಚ್‌ಲ್ಯಾಂಡ್ ಅನ್ನುತ್ತಾರೆ, ಅಂದರೆ ಜನರ ನಾಡು. ಫ್ರಾನ್ಸಿನವರಿಗೆ ಗೊತ್ತಿದ್ದದ್ದು ಗಡಿಯ ಬಳಿಯ ಒಂದು ಬುಡಕಟ್ಟು, ಫಿನ್‌ಲ್ಯಾಂಡಿನವರಿಗೆ ಇನ್ನೊಂದು. ಆ ಬುಡಕಟ್ಟುಗಳ ಹೆಸರೇ ಅವರವರ ಬಾಯಲ್ಲಿ ಇಡೀ ದೇಶದ ಹೆಸರಾಯಿತು: ಒಬ್ಬರಿಗೆ ಅಲ್ಲೆಮ್ಯಾಗ್ನೆ, ಇನ್ನೊಬ್ಬರಿಗೆ ಸಾಕ್ಸಾ. ಜರ್ಮನಿ ಎಂಬುದು ರೋಮಿನವರಿಂದ ಬಂದದ್ದು, ಅದರ ಮೂಲ ಅರ್ಥ ಇನ್ನೂ ಯಾರಿಗೂ ಖಚಿತವಿಲ್ಲ. ಪೋಲೆಂಡಿನವರು ಇಟ್ಟ ನೀಮ್ಸಿ ಎಂಬ ಹೆಸರು ಮಾತ್ರ ಭಾರಿ: ಅದರ ಅರ್ಥ ಮೂಗರು!

ಅಲ್ಲಿಗೆ ಮುಗಿಯಿತು ನಮ್ಮ ನೆಮ್ಮದಿ. ಟಿವಿಯಲ್ಲಿ ಜರ್ಮನಿಯ ಫುಟ್‌ಬಾಲ್ ಬಂದರೆ ಐದು ಹೆಸರಲ್ಲೂ ಜೈಕಾರ ಕೂಗುತ್ತಿದ್ದ. ಒಂದೇ ಆಟದಲ್ಲಿ ಇಷ್ಟೊಂದು ತಂಡ ಹೇಗೆ ಆಡುತ್ತವೆ ಎಂದು ಪಕ್ಕದ ಮನೆಯವರು ಕೇಳಿಕೊಂಡು ಬಂದರು. ಸಂಬಂಧದಲ್ಲೊಂದು ಹೆಣ್ಣು ನೋಡುವ ಶಾಸ್ತ್ರ. ಗಂಡಿನ ತಂದೆ, “ಹುಡುಗಿ ಹೆಸರೇನು?” ಅಂದರು. ಇವನು ಗಂಭೀರವಾಗಿ, “ಯಾವ ಭಾಷೇಲಿ ಸಾರ್?” ಅನ್ನುವುದೇ?

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಇವನ ಮನೆಗೆ ಬಂದೆ. ಮಹಡಿಯ ಬಾಡಿಗೆ ಕೋಣೆಗಳಲ್ಲಿ ಒಡಿಶಾ, ತಮಿಳುನಾಡು, ಆಂಧ್ರ ಎಲ್ಲ ಕಡೆಯ ಹೆಂಗಸರು. ನನಗೆ ಬರುವುದು ನಮ್ಮೂರ ಮಾತೊಂದೇ. ಹೊಸಬರನ್ನು ಕಂಡರೆ ಅದೂ ಗಂಟಲಲ್ಲೇ ಅಡಗಿಕೊಳ್ಳುತ್ತದೆ. ಅವರು ನಗುತ್ತಿದ್ದರು, ನಾನು ನೆಲ ನೋಡುತ್ತಿದ್ದೆ. ಒಂದು ದಿನ ಬಟ್ಟೆ ಒಣಗಿಸುವಾಗ ತಮಿಳಿನ ಸೆಲ್ವಿ ತನ್ನ ಹರಕು ಕನ್ನಡದಲ್ಲಿ ಇನ್ನೊಬ್ಬಳಿಗೆ ಹೇಳಿದ್ದು ಕಿವಿಗೆ ಬಿತ್ತು: “ಪಾಪ, ಆ ಅಮ್ಮಂಗೆ ಬಾಯಿ ಬರಲ್ಲ ಅಕ್ಕ.”

ಕೆಳಗಿಳಿದವಳೇ ಬ್ಯಾಗಿಗೆ ಸೀರೆ ತುಂಬಿದೆ.

“ಎಲ್ಲಿಗಕ್ಕಾ?” ಎಂದ ತಮ್ಮ.

“ಊರಿಗೆ. ಇಲ್ಲಿ ನಾನು ಮೂಗಿ ಅಂತೆ.”

ಅವನ ಮುಖ ಅರಳಿತು! ನನ್ನನ್ನು ಎಳೆದುಕೊಂಡು ಮಹಡಿ ಹತ್ತಿದ, ಎಲ್ಲರನ್ನೂ ಕೂಗಿ ಕರೆದ.

“ಕೇಳ್ರಮ್ಮಾ, ಪೋಲೆಂಡಿನೋರ್ಗೆ ಪಕ್ಕದೋರ ಮಾತು ಅರ್ಥ ಆಗ್ಲಿಲ್ಲ. ಅದಕ್ಕೆ ಮೂಗರು ಅಂದ್ಬಿಟ್ರು. ಅವ್ರಿಗೆ ಮಾತು ಇರ್ಲಿಲ್ವಾ? ಇತ್ತು! ಇನ್ನು ಈ ರೋಮಿನೋರು ಇದಾರಲ್ಲ...”

ಅಷ್ಟರಲ್ಲಿ ಕೆಳಗಿನಿಂದ ಸೀದ ವಾಸನೆ.

“ಲೋ, ಸಾಕು ನಿಲ್ಸೋ! ನಿನ್ ರೋಮಿನೋರು ಬರೋ ಒತ್ಗೆ ಒಲೆ ಮೇಲಿನ ಸಾರು ಇದ್ದಿಲಾಯ್ತದೆ!”

ಹೀಗೆ ಅರಚಿದ್ದು ನಾನೇ! ಮೊದಲು ಸೆಲ್ವಿ ಬಾಯಿ ಮುಚ್ಚಿಕೊಂಡು ನಕ್ಕಳು, ಅವಳ ಹಿಂದೆ ಎಲ್ಲರೂ. “ಅಮ್ಮಾ, ನಿಮ್ಗೆ ಇಷ್ಟು ಬಾಯಿ ಇದ್ಯಾ!” ಎಂದಳು ಸೆಲ್ವಿ.

“ಇದು ಬರೀ ಸ್ಯಾಂಪಲ್ಲು ಕಣಮ್ಮಾ,” ಎಂದ ತಮ್ಮ.

ಸೀದ ಪಾತ್ರೆ ಉಜ್ಜಲು ಸೆಲ್ವಿಯೂ ನನ್ನ ಜೊತೆ ಕೂತಳು. ಅವಳು ಹೋದ ಮೇಲೆ ಒಳಗೆ ಬಂದರೆ, ತಮ್ಮ ನನ್ನ ಬ್ಯಾಗಿನ ಸೀರೆಗಳನ್ನು ಅಡ್ಡಾದಿಡ್ಡಿ ಮಡಚಿ ಮತ್ತೆ ಬೀರುವಿನಲ್ಲಿ ಇಡುತ್ತಿದ್ದ.

“ನೀನು ಬೈದ್ರೆ ಅಮ್ಮ ಬೈದಂಗೇ ಆಯ್ತದೆ ಅಕ್ಕಾ,” ಎಂದ, ನನ್ನ ಕಡೆ ತಿರುಗದೆ. “ಓಗ್ಬೇಡ.”

ಅವನು ಮಡಚಿದ ಸೀರೆಗಳನ್ನು ಇದ್ದ ಹಾಗೇ ಬಿಟ್ಟು ಬೀರು ಮುಚ್ಚಿದೆ. ನಾನು ಇಲ್ಲಿ ಉಳಿದದ್ದು ಅವನೊಬ್ಬನಿಗಾಗಿ. ಅವನಿಗೆ ಅದನ್ನು ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ, ಇಲ್ಲಿ ಬರೆದಿದ್ದೇನೆ. ಈ ಹಾಳೆಗಳನ್ನು ಒದ್ದೆ ಕೈಯಲ್ಲಿ ಮುಟ್ಟಬೇಡಿ ಮಕ್ಕಳೇ, ಜೋಪಾನವಾಗಿ ಇಟ್ಟುಕೊಳ್ಳಿ.